ಹೆಣ್ಣು ನೋಡಲು ಬಂದವರ ಮುಂದೆ ಆಡಿದ ಮಾತು

"ಯಜಮಾನ್ರು ಎಲ್ಲಿ? ಕಾಣಿಸ್ತಾನೇ ಇಲ್ವಲ್ಲ" ಎಂದು ಗಂಡಿನ ತಾಯಿ ಕೇಳಿದರು.

"ನಗರಗೆರೆಗೆ ಹೋಗವ್ರೆ. ನೆಂಟ್ರ ಮನೇಲಿ ಕಾರ್ಯ" ಎಂದರು ನನ್ನ ಸೋದರಮಾವ.

ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಅಪ್ಪ ನಗರಗೆರೆಯಲ್ಲಿರಲಿಲ್ಲ. ಹಿತ್ತಲ ಕೋಣೆಯಲ್ಲಿ, ಹೊರಗಿನಿಂದ ಚಿಲಕ ಹಾಕಿದ ಬಾಗಿಲ ಹಿಂದೆ, ಕೆಮ್ಮು ಕೇಳಿಸದಿರಲೆಂದು ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದರು.

ಅರವತ್ತರ ದಶಕದ ಆರಂಭ. ನಮ್ಮದು ದಿಬ್ಬೂರಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ನನಗಾಗ ಹದಿನೆಂಟು ವರ್ಷ.

ಅಪ್ಪನಿಗೆ ಕ್ಷಯ. ಶಿಡ್ಲಘಟ್ಟದಲ್ಲಿ ಡಾಕ್ಟರ್ ಅದನ್ನು ಹೇಳಿದಾಗ ಜೊತೆಗಿದ್ದವಳು ನಾನೇ. "ಗುಣ ಆಗುತ್ತಮ್ಮ, ಹೆದರಬೇಡ. ಆದ್ರೆ ಇಂಜೆಕ್ಷನ್ ಮಧ್ಯದಲ್ಲಿ ಬಿಡಬಾರದು" ಎಂದಿದ್ದರು.

ಮನೆಯಲ್ಲಿ ಮಾತ್ರ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ಕೇಳಿದವರಿಗೆಲ್ಲ "ಸ್ವಲ್ಪ ಕೆಮ್ಮು"... ಅಷ್ಟೇ.

ಚಿಂತಾಮಣಿಯಿಂದ ನನಗೆ ಸಂಬಂಧ ಬಂತು ನೋಡಿ, ಮಾವ ಇಂಜೆಕ್ಷನ್ನನ್ನೇ ನಿಲ್ಲಿಸಿಬಿಟ್ಟರು. "ದಿನಾ ಆಸ್ಪತ್ರೆಗೆ ಹೋಗೋದನ್ನ ಬಸ್ಸಲ್ಲಿ ಜನ ನೋಡ್ತಾರೆ. ಇವಳ ಮದುವೆ ಮುಗೀಲಿ, ಆಮೇಲೆ ತೋರಿಸೋಣ."

ಮಾವ ಕೆಟ್ಟವರಲ್ಲ. ಅಪ್ಪ ಕಾಯಿಲೆ ಬಿದ್ದ ಮೇಲೆ ನಮ್ಮ ತೋಟ ನಡೆಸಿದವರೇ ಅವರು. ಅಪ್ಪನೂ ಸುಮ್ಮನೆ ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

ಮತ್ತೆ ಕೆಮ್ಮಿನಲ್ಲಿ ರಕ್ತ ಬರಲು ಶುರುವಾಗಿತ್ತು. ಟವೆಲ್ ಒಗೆಯುತ್ತಿದ್ದವಳು ನಾನು, ನನಗೆ ಗೊತ್ತಿತ್ತು.

ಆವತ್ತು ಬಂದವರ ಮುಂದೆ ಮಾವ ಮದುವೆಯನ್ನು ಶ್ರಾವಣಕ್ಕೆ ಇಟ್ಟುಕೊಳ್ಳೋಣ ಎನ್ನುತ್ತಿದ್ದಾರೆ. ನಾನು ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದೇನೆ... ಅಷ್ಟು ದಿನ ಅಪ್ಪ ಇರುತ್ತಾರಾ?

ತಟ್ಟೆ ಕೆಳಗಿಟ್ಟೆ.

"ನಮ್ಮಪ್ಪ ಇಲ್ಲೇ ಅವ್ರೆ ಅಮ್ಮ, ಹಿಂದಿನ ರೂಮಲ್ಲಿ. ಟಿ.ಬಿ. ಆಗೈತೆ. ನನ್ನ ಮದುವೆಗೋಸ್ಕರ ಔಷಧಿ ನಿಲ್ಸವ್ರೆ."

ಗಂಡಿನ ಕಡೆಯ ಹಿರಿಯರೊಬ್ಬರು ತೆಲುಗಿನಲ್ಲಿ "ಪದಂಡಿ, ಪೋದಾಂ", ನಡೀರಿ ಹೋಗೋಣ, ಎಂದು ಎದ್ದರು. ಎಲ್ಲರೂ ಎದ್ದರು. ಗಂಡಿನ ತಾಯಿ ಹೊಸಿಲ ಹತ್ತಿರ ಒಂದು ಕ್ಷಣ ನಿಂತು, "ನಿಮ್ಮಪ್ಪನ್ನ ಚೆನ್ನಾಗಿ ನೋಡ್ಕೊಳಮ್ಮ" ಎಂದು ಹೇಳಿ ಹೋದರು. ಮತ್ತೆ ಬರಲಿಲ್ಲ.

"ಮನೆ ಮರ್ಯಾದೆ ಬೀದಿಗೆ ಹಾಕಿದ್ಯಲ್ಲೇ!" ಮಾವನ ಕೈ ಮೇಲೆದ್ದಿತ್ತು. ನಾನು ಕದಲಲಿಲ್ಲ.

ಅದುವರೆಗೆ ಒಂದು ಮಾತೂ ಆಡದ ಅಮ್ಮ ನೇರ ಹಿತ್ತಲಿಗೆ ಹೋಗಿ ಚಿಲಕ ತೆಗೆದರು. "ಬಚ್ಚಿಡಕ್ಕೆ ಇನ್ನೇನೈತೆ ಅಣ್ಣ? ನಾಳೆ ಬೆಳಿಗ್ಗೆ ಬಸ್ಸಿಗೆ ಇವ್ರನ್ನ ಕಳಿಸ್ತೀನಿ. ನೋಡೋರು ನೋಡ್ಕೊಳ್ಳಲಿ."

ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತಲೇ, "ನಿನ್ನ ಮದುವೆ ಕೆಡಿಸ್ಕೊಂಡ್ಯಲ್ಲಮ್ಮ" ಎಂದರು.

"ಕೆಟ್ಟರೆ ಕೆಡ್ಲಿ ಬಿಡಪ್ಪ. ನೀನು ಇರ್ಬೇಕು ನಂಗೆ."

ಅಪ್ಪ ಮುಖ ತಿರುಗಿಸಿದರು. ಅಳುವುದನ್ನು ನಾನು ನೋಡಬಾರದು ಅಂತ.

ಡಾಕ್ಟರ್ ಸರಿಯಾಗಿ ಬೈದರು. ಇಂಜೆಕ್ಷನ್ ಮತ್ತೆ ಮೊದಲಿಂದ. ಅದು ಮುಗಿದ ಮೇಲೆ ಮಾತ್ರೆಗಳು, ತಿಂಗಳುಗಟ್ಟಲೆ.

ಊರಲ್ಲಿ ಸುಲಭವಾಗಿರಲಿಲ್ಲ. ಕೂಲಿಯವರು ನಮ್ಮ ತೋಟಕ್ಕೆ ಬರುವುದನ್ನು ಬಿಟ್ಟರು. ನಾನು, ಅಮ್ಮ ಸೊಪ್ಪು ಕೊಯ್ದು ಹುಳುಗಳಿಗೆ ಹಾಕಿದೆವು. ಬಾವಿಯ ಹತ್ತಿರ ಹೆಂಗಸರು ದೂರ ಸರಿದರೆ ಅಮ್ಮ ತಾವಾಗಿಯೇ ಹೇಳುತ್ತಿದ್ದರು: "ಹೌದು, ಟಿ.ಬಿ.ನೇ. ಔಷಧಿ ನಡೀತೈತೆ, ವಾಸಿ ಆಗುತ್ತೆ."

ಒಂದು ಮಧ್ಯಾಹ್ನ, ಹಾಗೆ ದೂರ ಸರಿದವರಲ್ಲೇ ಒಬ್ಬಾಕೆ ನಮ್ಮ ಹಿತ್ತಲಿಗೆ ಬಂದರು. ಸೆರಗಿನ ತುದಿ ತಿರುಚುತ್ತಾ ಅಮ್ಮನನ್ನು ಮೆಲ್ಲಗೆ ಕೇಳಿದರು: "ನಮ್ಮನೆಯವ್ರಿಗೂ ಅದೇ ಥರ ಕೆಮ್ಮು ಕಣಕ್ಕ... ಆ ಡಾಕ್ಟ್ರು ಯಾವಾಗ ಸಿಗ್ತಾರೆ?"

ಮಾರನೆಯ ದಿನ ಬಸ್ಸಿಗೆ ಅವರೂ ಬಂದರು. ಆ ಗಂಡ ಹೆಂಡತಿಗೆ ಸೀಟು ಹಿಡಿದು ಕೊಟ್ಟವರು ಯಾರು ಗೊತ್ತಾ? ನಮ್ಮ ಮಾವ.

ಅಪ್ಪ ವಾಸಿಯಾದರು. ನನಗೂ ಗೌರಿಬಿದನೂರಿನಲ್ಲಿ ಮದುವೆಯಾಯಿತು, ಸ್ವಲ್ಪ ತಡವಾಗಿ. ನನ್ನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟವೆಲ್ಲ ಸುತ್ತಿಸುವಷ್ಟು ಗಟ್ಟಿಯಾಗಿದ್ದರು ಅಪ್ಪ.

ಈಗ ಔಷಧಿಗಳು ಬೇಕಾದಷ್ಟಿವೆ... ಆದರೆ ಮನೆಯಲ್ಲಿ ಹಿರಿಯರಿಗೆ ದೊಡ್ಡ ಕಾಯಿಲೆ ಬಂದಾಗ, ಅದರ ಹೆಸರು ಹೇಳಿ ಎಲ್ಲರೂ ಒಟ್ಟಿಗೆ ಕೂತು ಮಾತಾಡುತ್ತೀರಾ ನೀವು?