ಪಂಪಿನ ಪಕ್ಕದ ಒಂದು ಚೊಂಬು ನೀರು

ನಾನಿಟ್ಟ ನೀರಿನ ಚೊಂಬನ್ನು ಪೊರಕೆಯ ಹಿಡಿಯಿಂದ ಉರುಳಿಸಿದರು. ಕೈಯಲ್ಲಿ ಮುಟ್ಟಲಿಲ್ಲ. ಬೆಂಗಳೂರಿನ ಆರ್.ಟಿ. ನಗರಕ್ಕೆ ಬಂದ ಮೂರನೇ ದಿನ ನಾನು ಕಂಡದ್ದು ಇದು.

ಗಂಡ ಸತ್ತ ಮೇಲೆ ಚಳ್ಳಕೆರೆ ಕಡೆಯ ನಮ್ಮ ಹಳ್ಳಿ ಬಿಟ್ಟು ಮಗಳ ಮನೆಗೆ ಬಂದಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಅವಳದು ವಠಾರದ ಮನೆ: ಸಾಲಾಗಿ ಆರು ಸಂಸಾರ, ಅಂಗಳದಲ್ಲಿ ಒಂದೇ ಕೈಪಂಪು. ಊರಲ್ಲೂ ಅಂಥದೇ ಪಂಪಿತ್ತು. ಮೇಲಿಂದ ಒಂದು ಚೊಂಬು ನೀರು ಹೊಯ್ಯದೆ ಅದು ನೀರೆತ್ತುವುದಿಲ್ಲ. ಇಲ್ಲಿಯವರು ಆ ನೀರನ್ನು ಅವರವರ ಮನೆಯಿಂದ ತಂದು, ಚೊಂಬನ್ನು ವಾಪಸು ಒಯ್ಯುತ್ತಿದ್ದರು. ನಮ್ಮೂರಲ್ಲಾದರೆ ನೀರು ಹಿಡಿದು ಮುಗಿಸಿದವರು ಮುಂದೆ ಬರುವವರಿಗೆ ಒಂದು ಚೊಂಬು ತುಂಬಿಸಿಟ್ಟು ಹೋಗಬೇಕು. ಪ್ರೀತಿಯಿಂದೇನಲ್ಲ. ಇಡದಿದ್ದರೆ ನಮ್ಮವ್ವ ಬೆನ್ನಿಗೆ ಗುದ್ದುತ್ತಿದ್ದಳು. ಧೂಳು ಬೀಳದಿರಲಿ ಎಂದು ಮೇಲೊಂದು ಎಕ್ಕದ ಎಲೆ, ಎಲೆ ಹಾರದಿರಲಿ ಎಂದು ಒಂದು ಕಲ್ಲು. ಇಲ್ಲೂ ಹಾಗೇ ಇಟ್ಟೆ. ಅವತ್ತು ಅಮಾವಾಸ್ಯೆ ಅನ್ನುವುದು ತಲೆಗೆ ಬರಲಿಲ್ಲ.

"ಯಾರೇ ಇದು, ಮಾಟ ಮಾಡಿ ಮಡಗಿರೋಳು?" ಮನೆ ಮಾಲೀಕರ ಹೆಂಡತಿ ಮುನಿಯಮ್ಮ ಪೊರಕೆ ಹಿಡಿದು ಕೂಗಿದಳು.

"ನಾನೇ. ಮಾಟ ಅಲ್ಲ, ನೀರು."

"ಯಾರ್ಗೆ?"

"ಬರೋರ್ಗೆ."

"ಯಾರಮ್ಮಾ ಬರೋರು? ಹೆಸ್ರೇಳು."

ಹೆಸರು ಎಲ್ಲಿಂದ ಹೇಳಲಿ? ಅವಳ ಅನುಮಾನ ಗಟ್ಟಿಯಾಯಿತು. ಇನ್ನೊಂದು ಸಲ ಇಟ್ಟರೆ ಮಗಳು ಮನೆ ಖಾಲಿ ಮಾಡಬೇಕು ಎಂದಳು. ಮಗಳು ಅತ್ತಳು. ಚೊಂಬು ಒಳಗಿಟ್ಟೆ.

ಆ ವಾರವೇ ಕಾಲೇಜಿನ ಹುಡುಗಿಯೊಬ್ಬಳು ಪ್ರಶ್ನೆಯ ಹಾಳೆ ಹಿಡಿದು ಬಂದಳು. ಮನಃಶಾಸ್ತ್ರ ಓದುತ್ತಿದ್ದಳಂತೆ, ಅಂದರೆ ಮನಸ್ಸಿನ ವಿದ್ಯೆ.

"ಲೋಕದ ಜನರೆಲ್ಲ ನಮ್ಮೋರು ಅನ್ಸುತ್ತಾ ಅಜ್ಜಿ? ತುಂಬಾನಾ, ಸ್ವಲ್ಪಾನಾ, ಇಲ್ವಾ?"

"ತುಂಬಾ ಅಂತ ಬರ್ಕೊಳಮ್ಮ," ಎಂದಳು ಪಕ್ಕದಲ್ಲೇ ನಿಂತಿದ್ದ ಮುನಿಯಮ್ಮ.

ನಾನು ಇಲ್ಲ ಎಂದೆ. ಕಾಣದವರು ನಮ್ಮವರು ಹೇಗಾಗುತ್ತಾರೆ?

"ಮುಂದಿನ ಪೀಳಿಗೆಗೆ ನೀರು ಉಳಿಸ್ತೀರಾ?"

"ಪೀಳಿಗೆ ಗೊತ್ತಿಲ್ಲ ಕಣವ್ವ. ನನ್ನ ಹಿಂದೆ ಬರೋರ್ಗೆ ಒಂದ್ ಚೊಂಬು ಇಡ್ತಿದ್ದೆ. ಈವಮ್ಮ ಬಿಡ್ಲಿಲ್ಲ."

ಹುಡುಗಿ ಪೆನ್ನೆತ್ತಿಕೊಂಡು ಕೂತಳು. ಗೀಟು ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ಹಿಂದೆ ಬರುವವರೂ ಕಾಣದವರೇ ಅಲ್ಲವೇ ಎಂದು ನನಗೆ ಹೊಳೆದದ್ದು ಅವಳು ಹೋದ ಮೇಲೆ. ಲೋಕವೆಲ್ಲ ನಮ್ಮದು ಅಂದವಳು ನೀರು ಚೆಲ್ಲಿದಳು, ಅಲ್ಲ ಅಂದ ನಾನು ಇಟ್ಟೆ. ಮನಸ್ಸು ಮೊದಲೋ ಕೈ ಮೊದಲೋ, ಇವತ್ತಿಗೂ ಯೋಚಿಸುತ್ತೇನೆ.

ಪಕ್ಕದ ಮನೆಯ ಫಾತಿಮಾಬಿ ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಪಂಪಿನ ಪಕ್ಕ ಅವಳ ಚೊಂಬು, ಮೇಲೊಂದು ತಟ್ಟೆ. "ಎಲೆ ನಕ್ಕೋ ಅಮ್ಮಾ. ತಟ್ಟೆಗೆ ಯಾರ್ ಹೆದರ್ತಾರೆ?" ಎಂದಳು. ನಕ್ಕೋ ಅಂದರೆ ಅವರ ಮಾತಲ್ಲಿ ಬೇಡ.

ಮುನಿಯಮ್ಮ ಬಿಂದಿಗೆ ತಂದಿದ್ದಳು, ಹೊಯ್ಯಲು ನೀರು ತಂದಿರಲಿಲ್ಲ. "ಇದ್ಯಾರ್ದು?"

"ಬಂದೋರ್ದು," ಎಂದು ಫಾತಿಮಾಬಿ ತಾನೇ ಒಂದು ಗುಟುಕು ಕುಡಿದು ತೋರಿಸಿದಳು.

ಮುನಿಯಮ್ಮ ಆ ನೀರನ್ನು ಪಂಪಿಗೆ ಹೊಯ್ದಳು. ಬಿಂದಿಗೆ ತುಂಬಿದ ಮೇಲೆ ಬೈದುಕೊಂಡೇ ಚೊಂಬನ್ನೂ ತುಂಬಿಸಿಟ್ಟಳು. ಮನೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ.

ಎರಡು ವರ್ಷದ ಮೇಲೆ ಊರಿಗೆ ಹೋದೆ. ಪಂಪಿನ ಪಕ್ಕ ಚೊಂಬಿರಲಿಲ್ಲ. ಎದುರು ಮನೆಯಲ್ಲಿ ಪಂಪಿಗೆ ಹೊಯ್ಯಲು ನೀರು ಕೇಳಿದರೆ ಹೊಸ ಸೊಸೆಯೊಬ್ಬಳು, "ನೀವು ಬೆಂಗ್ಳೂರೋರಾ? ಇಲ್ಲಿ ಅವರವರ ನೀರು ಅವರೇ ತರ್ಬೇಕು" ಎಂದಳು. ಕೊಟ್ಟಳು, ಕೊಡದೆ ಇರಲಿಲ್ಲ.

ಅದನ್ನು ಹೊಯ್ದು, ಪಂಪು ಹೊಡೆದು ಕುಡಿದೆ. ದಾರಿಗೆಂದು ತಂದಿದ್ದ ನನ್ನ ಚೊಂಬು ತುಂಬಿಸಿ, ಎಕ್ಕದ ಎಲೆ ಮುಚ್ಚಿ, ಕಲ್ಲಿಟ್ಟೆ. ಅಲ್ಲೂ ಮಾಟ ಅಂದರೋ ಏನೋ, ನೋಡಲು ನಿಲ್ಲಲಿಲ್ಲ. ಬಸ್ಸು ಬಂತು, ಚೊಂಬಿಲ್ಲದೆ ಹತ್ತಿದೆ. ವಠಾರದಲ್ಲಿ ನೀರು ಇಟ್ಟಿರುತ್ತಾರೆ.