ಹುಳುಮನೆಯ ಪಕ್ಕದ ಕೋಣೆ

ಕುಣಿಗಲ್ ಕಡೆ ನಮಗೊಂದು ಪುಟ್ಟ ಮನೆಯಿದೆ. ಎರಡು ಕೋಣೆ, ಶೀಟಿನ ಮಾಡು, ಎದುರಿಗೆ ಕೆರೆ. ನನಗೂ ನನ್ನ ಗಂಡನಿಗೂ ಕೆಲಸ ತುಮಕೂರಿನಲ್ಲಿ. ಶನಿವಾರ ಹೋಗಿ ಭಾನುವಾರ ಸಂಜೆ ವಾಪಸು ಬರುತ್ತೇವೆ. ಚಳಿಗಾಲದಿಂದ ಬೇಸಿಗೆಯವರೆಗೆ ಅಲ್ಲಿ ಟೆಂಟ್ ಹಾಕುತ್ತೇವೆ, ಗಾಳಿ ತುಂಬುವ ದೋಣಿಯನ್ನು ಕೆರೆಗೆ ಇಳಿಸುತ್ತೇವೆ. ಮಳೆ ಶುರುವಾದರೆ ಮಾಡು ಸೋರುತ್ತದೆ, ಗೋಡೆ ಬೆವರುತ್ತದೆ. ಹೋದ ವರ್ಷ ಮಳೆಗಾಲ ಕಳೆದು ಬಿಚ್ಚಿ ನೋಡಿದರೆ ಟೆಂಟಿಗೆ ಕಪ್ಪು ಬೂಷ್ಟು ಹಿಡಿದಿತ್ತು, ಮಲಗುವ ಚೀಲಗಳನ್ನು ಹುಳು ತಿಂದಿದ್ದವು. ತುಮಕೂರಿನ ನಮ್ಮ ಫ್ಲ್ಯಾಟಿನಲ್ಲಿ ಜಾಗವಿಲ್ಲ. ಹಾಗಾಗಿ ಈ ಸಲ ಮಳೆಗೆ ಮುಂಚೆಯೇ ಬಾಡಿಗೆಗೊಂದು ಒಣ ಜಾಗ ಹುಡುಕಲು ಹೊರಟೆವು.

ಮೊದಲು ನೋಡಿದ್ದು ತುಮಕೂರಿನ ಹೊರವಲಯದಲ್ಲಿ ಹೊಸದಾಗಿ ತೆರೆದಿದ್ದ ಸ್ಟೋರೇಜ್. ಸಾಲಾಗಿ ತಗಡಿನ ಗೂಡುಗಳು, ನಮ್ಮದೇ ಬೀಗ, ಮೂಲೆಮೂಲೆಗೆ ಕ್ಯಾಮೆರಾ. ಒಳಗೇನು ಇಡುತ್ತೀರಿ ಎಂದು ಯಾರೂ ಕೆದಕಿ ಕೇಳಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಗಂಡನಿಗೆ ಹಿಡಿಸಲಿಲ್ಲ. "ಮಳೆ ಬಿಟ್ಟ ಒಂದು ಭಾನುವಾರ ದೋಣಿ ಬೇಕು ಅನ್ನಿಸಿದ್ರೆ? ಕೆರೆಯಿಂದ ಇಲ್ಲಿಗೆ ಓಡಿ ಬರೋದಾ?" ಎಂದ.

ಎರಡನೆಯದು ಗುಬ್ಬಿಯಲ್ಲಿ, ಅವನ ಸಹೋದ್ಯೋಗಿಯ ಮಾವನ ಕೊಬ್ಬರಿ ಗೋದಾಮು. ಇಲಿ ಇದೆಯೇ ಎಂದು ಕೇಳಿದೆ.

"ಕೊಬ್ರಿ ಇದ್ಮೇಲೆ ಇಲಿ ಇರ್ದೆ ಇರ್ತಾವಾ? ನಿಮ್ ಸಾಮಾನು ಅವಕ್ಕೆ ರುಚಿಸಲ್ಲ ಬುಡಿ," ಎಂದರು ಯಜಮಾನರು. "ಒಂದು ಬೀಗದ ಕೈ ಮಾತ್ರ ನಮ್ಮತ್ರ ಇರ್ಲಿ ತಾಯಿ. ಶುಕ್ರವಾರ ಬಾಗ್ಲು ತೆಗೆದು ಊದ್ಬತ್ತಿ ಹಚ್ಲಿಲ್ಲ ಅಂದ್ರೆ ಯಾಪಾರಕ್ಕೆ ಒಳ್ಳೇದಲ್ಲ."

ನಮ್ಮ ಸಾಮಾನಿನ ನಡುವೆ ವಾರವಾರ ಇನ್ನೊಬ್ಬರು ಓಡಾಡುವುದು ನನಗೆ ಬೇಕಿರಲಿಲ್ಲ. ನೋಡಿ ಹೇಳುತ್ತೇವೆ ಎಂದು ಬಂದೆವು.

ಕೊನೆಗೆ ಸಿಕ್ಕಿದ್ದು ಕೆರೆಯ ಪಕ್ಕದಲ್ಲೇ. ನಮ್ಮ ಮನೆಯಿಂದ ಎರಡು ಹೊಲದಾಚೆ ಒಬ್ಬ ಅಕ್ಕ ರೇಷ್ಮೆ ಹುಳು ಸಾಕುತ್ತಾರೆ. ಹುಳುಮನೆಗೆ ಅಂಟಿಕೊಂಡೇ ಒಂದು ಕೋಣೆ. ಸಿಮೆಂಟು ನೆಲ, ಒಣಗಿದ ಗೋಡೆ, ಹಿಂದುಗಡೆ ಕಿಟಕಿ. ನನ್ನ ಗಂಡ ಕಾರು ತಿರುಗಿಸಲು ಹೋಗಿದ್ದಾಗ ಅವರು ನನಗೆ ಷರತ್ತು ಹೇಳಿದರು.

"ಬಾಡ್ಗೆ ಕತೆ ಆಮೇಲೆ. ನಾತ ಬರೋ ಪದಾರ್ಥ ಯಾವ್ದೂ ಇಡಂಗಿಲ್ಲ ಕಣವ್ವ. ಸೊಳ್ಳೆಬತ್ತಿ, ಸೆಂಟು, ಊದ್ಬತ್ತಿ, ಏನೂವೆ. ಹುಳ ತಡ್ಕಳಾಕಿಲ್ಲ. ನಮ್ ಸೊಸೆ ಮದ್ವೆಯಾಗಿ ಬಂದ ದಿನ್ವೇ ಪೌಡ್ರು ಹಾಕ್ಕಂಡು ಹುಳುಮನೆ ಒಳೀಕ್ ಬಂದ್ಳು, ಈಚ್ಗೆ ಕಳ್ಸಿದ್ದೆ. ಇವತ್ತಿಗೂವೆ ಅದ್ನೇ ಎತ್ತಾಡ್ತಾಳೆ."

"ಬರೀ ಬಟ್ಟೆ ಚೀಲಗಳು ಅಕ್ಕ," ಎಂದೆ.

"ಅಷ್ಟೇಯ? ನೀನು ಮಾತಾಡ್ದೇ ಇದ್ದುದ್ಕೆ ಚಿನ್ನ ಇಡ್ತೀಯೇನೋ ಅಂದ್ಕಂಡಿದ್ದೆ."

ಆ ಷರತ್ತನ್ನು ನಾನು ಗಂಡನಿಗೆ ಹೇಳಲಿಲ್ಲ. ಇಡುವುದೇ ಬಟ್ಟೆ ಚೀಲ, ಹೇಳುವುದೇನಿದೆ ಎಂದುಕೊಂಡೆ. ಮುಂದಿನ ಭಾನುವಾರ ಎಲ್ಲವನ್ನೂ ಅಲ್ಲಿ ಜೋಡಿಸಿಟ್ಟು ಬಂದೆವು. ಪಕ್ಕದ ಹುಳುಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ತಿಂದು, ಇನ್ನೊಂದು ವಾರಕ್ಕೆ ಮೈ ಹಳದಿ ತಿರುಗಿ ‘ಹಣ್ಣಾಗಿ’ ಗೂಡು ಕಟ್ಟುವ ಕಾಲವದು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟಾಗ ಕಾರಿನ ಬಾಗಿಲ ಜೇಬಿನಲ್ಲಿ ಹರಿದ ಪ್ಲಾಸ್ಟಿಕ್ ಪೊಟ್ಟಣ ಕಂಡಿತು. ಮೂಗಿನ ಹತ್ತಿರ ತರುವ ಅಗತ್ಯವೇ ಇರಲಿಲ್ಲ.

"ಇದೇನು?"

"ನುಸಿಗುಳಿಗೆ. ಹೋದ್ಸಲ ಹುಳ ತಿಂದಿತ್ತಲ್ಲ, ಕೊನೇಲಿ ಬೀಗ ಹಾಕೋಕ್ಮುಂಚೆ ಒಂದೊಂದು ಚೀಲಕ್ಕೂ ಹಾಕ್ದೆ," ಎಂದ. ನಾನು ಮೆಚ್ಚಿಕೊಳ್ಳುತ್ತೇನೆ ಎಂದುಕೊಂಡಿದ್ದ.

ಅಕ್ಕ ಹೇಳಿದ್ದನ್ನು ಆಗ ಹೇಳಿದೆ. ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಸೊಪ್ಪು ಹಾಕುವ ಹೊತ್ತಿನಲ್ಲಿ ಅವರು ಫೋನನ್ನು ಮನೆಯಲ್ಲೇ ಬಿಟ್ಟಿರುತ್ತಾರೆ. ಆಫೀಸಿಗೆ ಬರುವುದಿಲ್ಲವೆಂದು ಇಬ್ಬರೂ ಸಂದೇಶ ಕಳಿಸಿ ಕುಣಿಗಲ್ ರಸ್ತೆ ಹಿಡಿದೆವು.

ಹೆಬ್ಬೂರು ದಾಟಿದ ಮೇಲೆ ಅವನು, "ಬೇರೆ ಕಡೆ ಜಾಗ ಸಿಕ್ತು ಅಂತ ಹೇಳಿ ಚೀಲ ಎತ್ಕೊಂಡು ಬಂದ್ಬಿಡೋಣ. ಹುಳಕ್ಕೆ ಏನೂ ಆಗಿಲ್ದೇ ಇದ್ರೆ ಸುಮ್ನೆ ಯಾಕೆ ಹೆದರ್ಸೋದು?" ಎಂದ.

"ಆಗಿದ್ರೆ?"

ಅವನು ಗೇರ್ ಬದಲಾಯಿಸಿದ.

"ಆಗಿದ್ರೆ ಯಾತರಿಂದ ಅಂತ ಅವ್ರಿಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಸೊಪ್ಪಿನ ಮೇಲೆ ಅನುಮಾನ ಪಡ್ತಾರೆ. ಒಳ್ಳೇ ಸೊಪ್ಪನ್ನೂ ಹಾಕಲ್ಲ," ಎಂದೆ.

ಅವನು ಕೊಟ್ಟ ನೆಪ ಚಿಕ್ಕದಾಗಿತ್ತು, ಸಭ್ಯವಾಗಿತ್ತು, ಹೆಚ್ಚು ಮಾತು ಬೇಡುತ್ತಿರಲಿಲ್ಲ. ಬೇರೆ ವಿಷಯವಾಗಿದ್ದರೆ ನಾನೇ ಅದನ್ನು ಹುಡುಕಿರುತ್ತಿದ್ದೆ.

ಅಕ್ಕ ಸೊಪ್ಪಿನ ಹೊರೆ ಹೊತ್ತು ಅಂಗಳಕ್ಕೆ ಬರುತ್ತಿದ್ದರು. ನಮ್ಮನ್ನು ಕಂಡು, "ಏನವ್ವ, ಸೋಮ್ವಾರ್ವೇ ಬಂದ್ಬುಟ್ರಿ? ಕೆಲ್ಸದಿಂದ ಇಬ್ರನ್ನೂ ತಗುದ್ಬುಟ್ರಾ?" ಎಂದರು.

ನಾನು ಹೇಳಿದೆ. ನಿಂತಲ್ಲೇ, ಒಂದೇ ಉಸಿರಿಗೆ.

ಅವರು ಹೊರೆ ಇಳಿಸಿದರು. "ಎಷ್ಟ್ ಹಾಕಿದ್ದೀಯಪ್ಪ?"

"ಪೊಟ್ಟಣ ಪೂರ್ತಿ," ಎಂದ ಅವನು.

"ಹಿಂದ್ಲ ಕಿಟಕಿಯಿಂದ ಈಚ್ಗೆ ತಗಿ. ಈ ಬಾಗ್ಲಲ್ಲಿ ತರ್ಬ್ಯಾಡ." ನನ್ನ ಕಡೆ ತಿರುಗಿ, "ನೀನು ಕೈಕಾಲು ತೊಳ್ಕಂಡು ನನ್ ಹಿಂದೆ ಬಾ."

ಕೋಣೆಗೂ ಹುಳುಮನೆಗೂ ನಡುವಿನ ಗೋಡೆ ಮಾಡಿನವರೆಗೆ ಹೋಗಿರಲಿಲ್ಲ. ಮೇಲೆ ಒಂದು ಮೊಳದಷ್ಟು ತೆರಪು. ಭಾನುವಾರ ನಾನು ಆ ಗೋಡೆಯನ್ನು ಮುಟ್ಟಿ ನೋಡಿದ್ದೆ, ಒಣಗಿದೆಯೇ ಎಂದು. ತಲೆಯೆತ್ತಿ ನೋಡಿರಲಿಲ್ಲ.

ಗೋಡೆಯ ಪಕ್ಕದ, ಹುಳು ಸಾಕುವ ಸ್ಟ್ಯಾಂಡಿನ ಮೇಲಂತಸ್ತಿನಲ್ಲಿ ಬೆಳಗಿನ ಸೊಪ್ಪು ಹಾಗೇ ಉಳಿದಿತ್ತು. ಹುಳುಗಳು ತಲೆಯನ್ನು ಮೇಲೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಕ್ಕಿದ್ದವು. ಅಕ್ಕ ಒಂದನ್ನು ಅಂಗೈಯಲ್ಲಿಟ್ಟು ನೋಡಿದರು. ಕಿಟಕಿಗಳನ್ನೆಲ್ಲ ತೆರೆದರು. ಮೇಲಂತಸ್ತಿನ ಹುಳುಗಳನ್ನು ಸೊಪ್ಪಿನ ಕಡ್ಡಿಸಮೇತ ಒಂದು ಗೋಣಿಚೀಲಕ್ಕೆ ತುಂಬಿದೆವು. ಅವುಗಳ ಆಸೆ ಬಿಟ್ಟಾಗಿತ್ತು. ಕೆಳಗಿನ ಎರಡು ಅಂತಸ್ತಿನವನ್ನು ಎತ್ತಿ ಆ ಕಡೆಯ ಗೋಡೆಯ ಹತ್ತಿರಕ್ಕೆ ಸಾಗಿಸಿದೆವು. ನನ್ನ ಕೈಯಿಂದ ಒಂದು ಕಡ್ಡಿ ಜಾರಿತು.

"ನಿಧಾನ. ಬಿದ್ ಹುಳ ಎದ್ದು ತಿನ್ನಾಕಿಲ್ಲ."

ಹೊಸ ಸೊಪ್ಪು ಹಾಸಿ ಇಬ್ಬರೂ ನಿಂತೆವು. ಮನೆಯ ಉಳಿದ ಭಾಗದಲ್ಲೆಲ್ಲ ಹುಳು ತಿನ್ನುವ ಸರಸರ ಸದ್ದಿತ್ತು. ನಮ್ಮ ಎದುರಿಗೆ ಇಲ್ಲ. ಕಿಟಕಿಯಾಚೆಯಿಂದ ನನ್ನ ಗಂಡ, "ನಾನೂ ಬರ್ಲಾ ಅಕ್ಕ?" ಎಂದು ಕೇಳಿದ.

"ನಿಮ್ಮೆಜಮಾನ್ರ ಕೈ ಇನ್ನೂ ನಾರ್ತದೆ, ಕೆರೆತಾವ್ಲೇ ಇರು ಅನ್ನು," ಎಂದರು ನನಗೆ.

ಎಷ್ಟು ಹೊತ್ತಾಯಿತೋ ತಿಳಿಯದು. ಎಲೆಯೊಂದರ ಅಂಚಿನಲ್ಲಿದ್ದ ಹುಳು ತಲೆ ತಗ್ಗಿಸಿತು. ಅಂಚಿನಲ್ಲಿ ಸಣ್ಣ ಅರ್ಧಚಂದ್ರ ಮೂಡಿತು. ಅದರ ಪಕ್ಕದ್ದು ಸುಮ್ಮನಿತ್ತು. ಅದರಾಚೆಯದೂ ತಲೆ ತಗ್ಗಿಸಿತು. ಅಕ್ಕನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಉಳಿದ್ವಾ?" ಎಂದೆ.

"ಹಣ್ಣಾಗೋಗಂಟ ಹೇಳಕ್ಕಾಗಾಕಿಲ್ಲ. ತಿಂದಂಗ್ ಮಾಡಿ ಗೂಡೇ ಕಟ್ದಿರೋ ಹುಳಾನೂ ಕಂಡಿವ್ನಿ." ಬಾಗಿಲವರೆಗೆ ಬಂದು ಹೇಳಿದರು: "ಕೋಣೆ ಇನ್ ಕೊಡಾಕಿಲ್ಲ ಕಣವ್ವ. ಬೇಜಾರ್ ಮಾಡ್ಕಬ್ಯಾಡ."

ಚೀಲಗಳನ್ನು ಹೇರಿಕೊಂಡು, ಕಾರಿನ ಗಾಜೆಲ್ಲ ಇಳಿಸಿ ತುಮಕೂರಿಗೆ ಬಂದೆವು. ಅವು ಈಗ ಸ್ಟೋರೇಜಿನ ಆ ತಗಡಿನ ಗೂಡಿನಲ್ಲಿವೆ. ಭಾನುವಾರದ ದೋಣಿಯ ಮಾತನ್ನು ನನ್ನ ಗಂಡ ಎತ್ತಲಿಲ್ಲ.

ಆ ವಾರವೆಲ್ಲ ನಾನು ಅಕ್ಕನಿಗೆ ಫೋನ್ ಮಾಡಲಿಲ್ಲ. ಮಾಡಿದರೆ ನನ್ನ ಸಮಾಧಾನಕ್ಕಾಗಿ ಅವರು ಹೊತ್ತಿಗೆ ಮುಂಚೆ ಏನಾದರೂ ಹೇಳಬೇಕಾಗುತ್ತಿತ್ತು. ಕೊನೆಗೆ ಅವರೇ ಮಾಡಿದರು.

"ಹಣ್ಣಾಗವೆ ಕಣವ್ವ. ಆ ಕಡೆ ಗೋಡೆತಾವ ಹಾಕಿದ್ವಲ್ಲ, ಅವೂ ಸೈತ. ಪೂರ್ತಿ ಅಲ್ಲ, ಬಾಳ ಪಾಲು. ಹುಳ ಆಯ್ದು ಗೂಡ್ ಕಟ್ಟೋ ಚಂದ್ರಿಕೆ ತಟ್ಟೆಗೆ ಬುಡಾಕೆ ಕೈ ಸಾಲ್ದು, ಬತ್ತೀಯಾ? ನೀನೊಬ್ಳೇ ಬಾ."

ಸೋಪು ಮುಟ್ಟಿಸದೆ ಬರೀ ನೀರಿನಲ್ಲಿ ಜಾಲಿಸಿದ್ದ ಒಂದು ಚೂಡಿದಾರ ಬುಧವಾರದಿಂದಲೇ ಮಡಿಚಿಟ್ಟಿದ್ದೆ. ಅದನ್ನು ಹಾಕಿಕೊಂಡು ಕುಣಿಗಲ್ ಬಸ್ಸು ಹತ್ತಿದೆ.