ತೌಬಾ ಪುಟದ ಕೆಳಗಿನ ಹೆಸರು

ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಬೆಳಗಿನ ಮೊದಲ ಸದ್ದು ಸೀನಿನದು. ಚೀಲದ ಬಾಯಿ ಬಿಚ್ಚುತ್ತಲೇ ಘಾಟು ಏಳುತ್ತದೆ. ಕಾಯಿಯ ತೊಟ್ಟು ಬಿಡಿಸಲು ಸಾಲಾಗಿ ಕುಳಿತ ಹೆಂಗಸರು ಒಬ್ಬರ ಹಿಂದೊಬ್ಬರು ಸೀನುತ್ತಾರೆ. ಕಾಗಿನೆಲೆಯಿಂದ ಬಸ್ಸಿಗೆ ಬರುವ ಮುದುಕವ್ವ ಸೀನಿದ ಮೇಲೆ ‘ಶಿವನ’ ಎನ್ನುತ್ತಾಳೆ. ಪಕ್ಕದ ಮುಮ್ತಾಜಬಿ ‘ಅಲ್‌ಹಮ್ದುಲಿಲ್ಲಾ’ ಎನ್ನುತ್ತಾಳೆ. ಹದಿನಾಲ್ಕು ವರ್ಷ ಹೀಗೇ ನಡೆದಿತ್ತು.

ಒಂದು ದಿನ ಮುದುಕವ್ವ ಕೇಳಿದಳು, “ದಿನಾ ಅಂತೀಯಲ್ಲ ತಂಗಿ, ಹಂಗಂದ್ರ ಏನು?”

“ದೇವರ ಮಾತು,” ಎಂದಳು ಮುಮ್ತಾಜಬಿ.

“ಅದು ಗೊತ್ತೈತಿ. ಏನಂತ ಮಾತು?”

ಮುಮ್ತಾಜಬಿಯ ಕೈ ನಿಂತಿತು. ಅಗಡಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಕುರಾನನ್ನು ತಾಯಿಯಿಂದ ಕಲಿತವಳು. ಓದಲು ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಅಂದು ಸಂಜೆ ಮೌಲ್ವಿಯವರನ್ನು ಕೇಳಿದಳು. ಹೊಗಳಿಕೆಯೆಲ್ಲ ದೇವರಿಗೆ ಸೇರಿದ್ದು ಎಂದರು. ಮನೆಗೆ ಹೋಗುವ ದಾರಿಯಲ್ಲಿ ನೂರು ಹಾಳೆಯ ನೋಟುಬುಕ್ಕೊಂದನ್ನು ಕೊಂಡಳು.

ಅವಳು ಮಾಡಿಕೊಂಡ ಪದ್ಧತಿ ಇದು. ಮೊದಲು ಮೌಲ್ವಿಯವರಲ್ಲಿ ಮಾತಿನ ಅರ್ಥ ಕೇಳುವುದು. ಆಮೇಲೆ ಗೋದಾಮಿನ ಹೆಂಗಸರನ್ನು ಕೇಳುವುದು: ಇದು ನಿಮ್ಮಲ್ಲೂ ಉಂಟೇ? ಯಾರಾದರೂ ಇದನ್ನು ಮಾಡಿದ್ದು ನೋಡಿದ್ದೀರಾ? ಮಾಡಿದವರಿಲ್ಲದ ಮಾತು ಪುಸ್ತಕಕ್ಕೆ ಏರುತ್ತಿರಲಿಲ್ಲ. ಏರಿದ ಮಾತಿನ ಕೆಳಗೆ ಹೇಳಿದವಳ ಹೆಸರು ಇರಲೇಬೇಕು. ನಂಬಿ ಒಪ್ಪಿಸಿದ್ದು ಎಂಬ ‘ಅಮಾನತ್’ಗೆ ಅರ್ಥ ಕೊಟ್ಟವಳು ಅದೇ ಸಾಲಿನ ಉಚ್ಚಂಗೆವ್ವ: ನೆರೆಯಾಕೆ ಹೆರಿಗೆಗೆ ಹೋಗುವಾಗ ಬಿಟ್ಟುಹೋದ ಕೋಳಿಯನ್ನು, ಅದು ಮಾಡಿದ ಒಂಬತ್ತು ಮರಿಗಳ ಸಮೇತ ಒಪ್ಪಿಸುವುದು. ಒಂದು ಮರಿ ಸಾರಿಗೆ ಬಿದ್ದಿದ್ದರೆ ಕೋಳಿ ಚಾಡಿ ಹೇಳುತ್ತಿತ್ತೇ ಎಂದು ಉಳಿದವರು ಅವಳನ್ನು ವಾರವಿಡೀ ಕಾಡಿದರು.

‘ತೌಬಾ’ ಎಂದರೆ ಮಾಡಿದ ತಪ್ಪಿಗೆ ಪಶ್ಚಾತ್ತಾಪ ಎಂದಿದ್ದರು ಮೌಲ್ವಿಯವರು. ಬಸ್ಸಿಗೆ ಹೊರಟು ನಿಂತಾಗ ಮುದುಕವ್ವ ಹೇಳಿದಳು. ಗಂಡನಿದ್ದಾಗ ಇಬ್ಬರೂ ಸೇರಿ ಹೊಲದ ಬಾಂದುಗಲ್ಲನ್ನು ಪಕ್ಕದವರ ಕಡೆಗೆ ಎರಡು ಮೊಳ ಸರಿಸಿದ್ದರು. ಗಂಡ ಸತ್ತ ವರ್ಷ ಅವಳು ಪಕ್ಕದವರ ಮನೆಗೆ ಹೋಗಿ ಎಲ್ಲರೆದುರು ಹೇಳಿ, ತಾನೇ ಹಾರೆ ಹಿಡಿದು ಕಲ್ಲನ್ನು ಕಿತ್ತು ಹಳೆಯ ಜಾಗದಲ್ಲಿ ನೆಟ್ಟಳು. ಮುಮ್ತಾಜಬಿ ಬರೆದುಕೊಂಡಳು: ತೌಬಾ ಅಂದರೆ ತಪ್ಪಿಗೆ ಅಳುವುದಷ್ಟೇ ಅಲ್ಲ, ಸರಿಸಿದ ಕಲ್ಲನ್ನು ತಿರುಗಿ ಇಡುವುದು. ಹೇಳಿದವಳು ಮುದುಕವ್ವ, ಕಾಗಿನೆಲೆ.

ಎರಡು ವರ್ಷದಿಂದ ಅದೇ ಪುಸ್ತಕ ಹಿಡಿದು ಓಣಿಯ ಹನ್ನೊಂದು ಹುಡುಗಿಯರಿಗೆ ಸಂಜೆ ಪಾಠ ಹೇಳುತ್ತಿದ್ದಳು. ಜಾಗ ಕೊಟ್ಟವರು ಯೂಸುಫಸಾಬರು, ಓಣಿಯ ಹಿರಿಯರು. ತಮ್ಮ ಪಡಸಾಲೆ, ಫ್ಯಾನು, ಗೋಡೆಯ ಹಲಗೆ, ಎಲ್ಲ ಬಿಟ್ಟುಕೊಟ್ಟಿದ್ದರು. ಕಳೆದ ಸೋಮವಾರ ಪುಸ್ತಕ ತಿರುವಿಹಾಕುತ್ತ ತೌಬಾದ ಪುಟದಲ್ಲಿ ನಿಂತರು. ಅರ್ಥ ಚೆನ್ನಾಗಿದೆ ಎಂದರು. ಆದರೆ ದೀನಿನ, ಅಂದರೆ ಧರ್ಮದ, ಪುಸ್ತಕದಲ್ಲಿ ಈ ಹೆಸರು ಕಂಡರೆ ಅಪ್ಪಂದಿರು ಮಕ್ಕಳನ್ನು ಬಿಡಿಸಿಕೊಳ್ಳುತ್ತಾರೆ. ಶುಕ್ರವಾರದೊಳಗೆ ಇಂಥ ಹೆಸರುಗಳನ್ನೆಲ್ಲ ಹೊಡೆದುಹಾಕಬೇಕು, ಇಲ್ಲವಾದರೆ ಪಡಸಾಲೆ ಸಿಗುವುದಿಲ್ಲ.

ಗೋದಾಮಿನಲ್ಲಿ ವಿಷಯ ತಿಳಿದ ಮುದುಕವ್ವ ನಕ್ಕಳು. “ಹೊಡದುಹಾಕ ತಂಗಿ. ನಾ ಏನ ಮಠದ ಸ್ವಾಮೇರೇನ? ಹುಡಿಗ್ಯಾರು ಕಲೀಲಿ.”

ಮುಮ್ತಾಜಬಿ ಮೂರು ಸಂಜೆ ತನ್ನ ಮನೆಯ ಹಿತ್ತಿಲಿನ ತಗಡಿನ ಚಪ್ಪರದ ಕೆಳಗಿದ್ದ ಕಟ್ಟಿಗೆಯನ್ನೆಲ್ಲ ಹೊರಗೆ ಒಟ್ಟಿ, ನೆಲಕ್ಕೆ ಸಗಣಿ ಸಾರಿಸಿ, ಹುಡುಗಿಯರು ಕೂರುವಷ್ಟು ಜಾಗ ಮಾಡಿದಳು.

ಶುಕ್ರವಾರ ಸಂಜೆ ಯೂಸುಫಸಾಬರ ಮನೆಗೆ ಹೋದಳು. ಅವರು ಕನ್ನಡಕ ಏರಿಸಿ ಪುಟ ನೋಡಿದರು. ಹೆಸರು ಇದ್ದಲ್ಲೇ ಇತ್ತು.

“ಬರೇ ಒಂದ ಹೆಸರು, ಮುಮ್ತಾಜಬಿ. ಅರ್ಥ ಇರ್ತದಲ್ಲ.”

“ನಾಚಿಕಿ ನುಂಗಿ ಹೇಳ್ಯಾಳ ಚಾಚಾ ಆಕಿ. ಆಕಿ ಮಾತು ಬೇಕು, ಆಕಿ ಬ್ಯಾಡ ಅಂದ್ರ ಈ ಹುಡಿಗ್ಯಾರಿಗೆ ನಾ ಏನ ಕಲಿಸಿದಂಗಾತು?”

“ಎಷ್ಟು ಮಂದಿ ಉಳೀತಾರ ಅಂತಿ?”

“ಉಳಿದಷ್ಟು.”

ಅವಳು ಪಾಠಕ್ಕೆಂದು ಪಡಸಾಲೆಯಲ್ಲಿ ಹಾಸಿದ್ದ ತನ್ನ ಎರಡು ಚಾಪೆಗಳನ್ನು ಸುತ್ತತೊಡಗಿದಳು. ಅವರು ಕುರ್ಚಿಯಿಂದ ಎದ್ದರು. ಸಿಟ್ಟು ಬೇಡ ಎಂದರು. ಕೊನೆಯ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ಹೆಸರು ಒಟ್ಟಿಗೆ ಬರೆದರಾಯಿತು ಎಂದರು. ಹೊರಗೆ ಓಣಿಯಲ್ಲಿ ಪಾಠಕ್ಕೆ ಬರುವ ನಜ್ಮಾ ಮತ್ತು ಇನ್ನೂ ಮೂವರು ಹುಡುಗಿಯರು ಪಾಟಿಚೀಲ ಹಿಡಿದು ನಿಂತಿದ್ದರು. ಹನ್ನೊಂದರಲ್ಲಿ ನಾಲ್ವರೇ. ಮುಮ್ತಾಜಬಿ ಅವರನ್ನು ಎಣಿಸಿ, ಚಾಪೆಗಳನ್ನು ಕಂಕುಳಿಗೇರಿಸಿ, ಪುಸ್ತಕವನ್ನು ಯೂಸುಫಸಾಬರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

“ಕೇಳು ಬೇಟಿ, ಮುಂದಿನ ವಾರ ಹಿರೇರನ್ನ ಕೂಡಿಸೂಣು, ಅವರು ಒಪ್ಪಿದ್ರ ನಾನೂ ಏನ—”

ಅವಳು ಚಪ್ಪಲಿ ಮೆಟ್ಟಿ ಓಣಿಗೆ ಇಳಿದಿದ್ದಳು.